ಗಾಜೋ ಲೋಹವೋ: ಒಂದು ಕಾರ್ಖಾನೆ ಫೋಟೊದ ಪ್ರಕರಣ

ಇನ್ನೂರು ಪೋಸ್ಟ್‌ಕಾರ್ಡ್ ಅಚ್ಚಾಗಿ ಕೈಗೆ ಬಂದ ಮೇಲೆ ಅದರ ಮೇಲಿನ ಇಸವಿ ತಪ್ಪು ಅಂತ ಗೊತ್ತಾಯಿತು. ಅಚ್ಚಿಗೆ ಕೊಟ್ಟವನು ನಾನೇ. ಹಾಗಾಗಿ ಇದನ್ನು ಬರೆದಿಡುವ ಕೆಲಸವೂ ನನ್ನದೇ ಅಲ್ವಾ. ಹಳೆಯ ಫೋಟೊ, ಹಳೆಯ ಯಂತ್ರ, ಊರಿನ ಇತಿಹಾಸ ಅಂತ ಓಡಾಡುವ ಕನ್ನಡದವರು ಈಗ ಎಲ್ಲ ಕಡೆ ಇದ್ದಾರೆ. ಅವರಲ್ಲಿ ಒಬ್ಬರಾದರೂ ನಾನು ಬಿದ್ದ ಗುಂಡಿಗೆ ಬೀಳದಿದ್ದರೆ ಸಾಕು. ಜನರ ಹೆಸರು, ಸಂಘದ ಹೆಸರು, ಊರಿನ ಹೆಸರು ಹಾಕಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಟಿವಿಗೂ ಫೋಟೊಗೂ ಸಂಬಂಧಪಟ್ಟದ್ದನ್ನು ಮಾತ್ರ ಮುಟ್ಟಿಲ್ಲ.

ಹಿನ್ನೆಲೆ

ನಾನಿರುವುದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಇಲ್ಲೊಂದು ಪುಟ್ಟ ಇತಿಹಾಸ ಸಂಘವಿದೆ, ಶನಿವಾರ ಬೆಳಗ್ಗೆ ಅಲ್ಲಿಗೆ ಹೋಗುತ್ತೇನೆ. ಸದಸ್ಯರು ಹೆಚ್ಚುಕಡಿಮೆ ಎಲ್ಲರೂ ಎಪ್ಪತ್ತು ದಾಟಿದವರು. ನನಗೆ ಕಂಪ್ಯೂಟರ್ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಸ್ಕ್ಯಾನ್ ಮಾಡುವುದು, ವಸ್ತುಗಳ ಪಕ್ಕ ಇಡುವ ಚೀಟಿ ಬರೆಯುವುದು, ಅಚ್ಚಿನ ಅಂಗಡಿಗೆ ಫೈಲ್ ಕಳಿಸುವುದು ಎಲ್ಲ ನನ್ನ ತಲೆಗೆ ಬಂದಿತ್ತು.

ಈ ರಾಜ್ಯಕ್ಕೂ ಟಿವಿಗೂ ಹಳೆಯ ನಂಟು. ಆರ್‌ಸಿಎ ಕಂಪನಿಯ ದೊಡ್ಡ ಕಾರ್ಖಾನೆ ಇಲ್ಲಿನ ಬ್ಲೂಮಿಂಗ್ಟನ್ ಊರಿನಲ್ಲಿತ್ತು. 1940ರಲ್ಲಿ ರೇಡಿಯೊದಿಂದ ಶುರು ಮಾಡಿ, 1949ರಲ್ಲಿ ಟಿವಿಗೆ ಬಂತು. ಕೊನೆಗೆ 1998ರಲ್ಲಿ ಬಾಗಿಲು ಹಾಕಿತು, ಕೆಲಸ ಮೆಕ್ಸಿಕೊಗೆ ಹೋಯಿತು. ಲೈನಿನಲ್ಲಿ ಕೂತು ಕೆಲಸ ಮಾಡಿದವರಲ್ಲಿ ಹೆಂಗಸರೇ ಜಾಸ್ತಿ. ಸುತ್ತಮುತ್ತಲಿನ ಊರುಗಳಲ್ಲಿ ಯಾರನ್ನು ಮಾತಾಡಿಸಿದರೂ ಅತ್ತೆಯೋ ಅಜ್ಜಿಯೋ ಅಲ್ಲಿ ಸೋಲ್ಡರ್ ಹಿಡಿದವರೇ.

ಬಣ್ಣದ ಟಿವಿಯ ಕಥೆಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಮೆರಿಕ ಸರ್ಕಾರದ ಸಂಪರ್ಕ ಆಯೋಗ ಎನ್‌ಟಿಎಸ್‌ಸಿ ಅನ್ನುವ ಬಣ್ಣದ ಪ್ರಸಾರ ಪದ್ಧತಿಗೆ ಒಪ್ಪಿಗೆ ಕೊಟ್ಟದ್ದು 1953ರ ಡಿಸೆಂಬರ್ 17ಕ್ಕೆ. ಇದರ ಅನುಕೂಲ ಏನಂದರೆ ಮನೆಯಲ್ಲಿದ್ದ ಹಳೆಯ ಕಪ್ಪು ಬಿಳುಪು ಸೆಟ್ಟನ್ನು ಎಸೆಯಬೇಕಿರಲಿಲ್ಲ. ಅದೇ ಸಿಗ್ನಲ್ ಅದರಲ್ಲೂ ಬರುತ್ತಿತ್ತು, ಬಣ್ಣ ಇಲ್ಲದೆ. ಒಪ್ಪಿಗೆ ಸಿಕ್ಕಿ ಮೂರು ತಿಂಗಳಿಗೆ, 1954ರ ಮಾರ್ಚ್ 25ಕ್ಕೆ, ಆರ್‌ಸಿಎಯ ಸಿಟಿ-100 ಸೆಟ್ಟಿನ ಉತ್ಪಾದನೆ ಬ್ಲೂಮಿಂಗ್ಟನ್‌ನಲ್ಲಿ ಶುರುವಾಯಿತು. ಬೆಲೆ 1,000 ಡಾಲರ್, ಆಗಿನ ಹೊಸ ಕಾರಿನ ಬೆಲೆಯ ಅರ್ಧದಷ್ಟು. ಅಷ್ಟು ಕೊಟ್ಟರೂ ಸಿಗುತ್ತಿದ್ದ ಚಿತ್ರದ ಅಗಲ ಹನ್ನೊಂದೂವರೆ ಇಂಚು. ಚಿತ್ರ ಮೂಡಿಸುವ ಪಿಕ್ಚರ್ ಟ್ಯೂಬಿನ ಹೆಸರು 15ಜಿಪಿ22, ಹದಿನೈದು ಇಂಚಿನದು. ಒಟ್ಟು ಮಾಡಿದ್ದು ಸುಮಾರು 4,400 ಸೆಟ್. ಜನ ಕೊಳ್ಳಲಿಲ್ಲ. ಅದೇ ವರ್ಷ ಬೆಲೆಯನ್ನು 495 ಡಾಲರಿಗೆ ಇಳಿಸಿದರು. ವರ್ಷದ ಕೊನೆಗೆ 21 ಇಂಚಿನ ದೊಡ್ಡ ಟ್ಯೂಬಿನ ಸೆಟ್ ಬಂತು, ಹದಿನೈದು ಇಂಚಿನದು ಅಲ್ಲಿಗೆ ಮುಗಿಯಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ, ಅದೇ ಎಡವಟ್ಟಾಗಿದ್ದು.

‘ಮೊದಲ ಕಲರ್ ಟಿವಿ’ ಅನ್ನುವ ಮಾತೇ ಒಂದು ರಗಳೆ. ಸಿಟಿ-100ಕ್ಕೂ ಕೆಲವು ವಾರ ಮೊದಲೇ ವೆಸ್ಟಿಂಗ್‌ಹೌಸ್ ಕಂಪನಿ ತನ್ನ ಸೆಟ್ಟನ್ನು 1,295 ಡಾಲರಿಗೆ ನ್ಯೂಯಾರ್ಕಿನ ಅಂಗಡಿಗಳಲ್ಲಿ ಇಟ್ಟಿತ್ತು. ಅದಕ್ಕೂ ಮುಂಚೆ 1951ರಲ್ಲಿ ಸಿಬಿಎಸ್ ಕಂಪನಿ ಬಣ್ಣದ ಫಿಲ್ಟರುಗಳ ಚಕ್ರ ತಿರುಗಿಸಿ ಬಣ್ಣ ತೋರಿಸುವ ಬೇರೆಯೇ ಪದ್ಧತಿಯಲ್ಲಿ ಪ್ರಸಾರ ಮಾಡಿ, ಕೆಲವೇ ತಿಂಗಳಲ್ಲಿ ನಿಲ್ಲಿಸಿತ್ತು. ಹಾಗಾಗಿ ಯಾರಾದರೂ ‘ಇದೇ ಮೊದಲನೆಯದು’ ಅಂದರೆ ಯಾವುದರಲ್ಲಿ ಮೊದಲು ಅಂತ ಕೇಳಬೇಕು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಸೆಟ್ ಸಿಟಿ-100, ಅಷ್ಟು ಹೇಳಿದರೆ ಜಗಳವಿಲ್ಲ.

ಅಂಥ ಒಂದು ಸಿಟಿ-100 ನಮ್ಮ ಸಂಘಕ್ಕೆ ಬಂತು. ತೀರಿಕೊಂಡ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ, ಬಣ್ಣದ ಡಬ್ಬಿಗಳ ಹಿಂದೆ ನಿಂತಿತ್ತು. ಮರದ ಪೆಟ್ಟಿಗೆ ಚೆನ್ನಾಗಿಯೇ ಇತ್ತು, ಟ್ಯೂಬು ಮಾತ್ರ ಸತ್ತಿತ್ತು. ಈ 15ಜಿಪಿ22ರ ಹಣೆಬರಹವೇ ಅಷ್ಟು. ಗಾಜೂ ಲೋಹವೂ ಸೇರುವ ಜಾಗದಲ್ಲಿ ನಿಧಾನಕ್ಕೆ ಗಾಳಿ ಒಳಗೆ ನುಗ್ಗಿಬಿಡುತ್ತದೆ, ಹೆಚ್ಚಿನವು ಹಾಗೇ ಹೋಗಿವೆ. ಒಳಗೊಂದು ಎಲ್‌ಸಿಡಿ ಕೂರಿಸಿ ಚಿತ್ರ ಬರುವ ಹಾಗೆ ಮಾಡೋಣ ಅಂತ ಒಬ್ಬರು ಹಟ ಹಿಡಿದರು. ಬೇಡ, ಇದ್ದ ಹಾಗೇ ಇರಲಿ, ಪ್ಲಗ್ಗಿಗೂ ಹಾಕುವುದು ಬೇಡ ಅಂತ ಉಳಿದವರು ಕೈ ಎತ್ತಿದರು. ಆ ತೀರ್ಮಾನ ಐದು ನಿಮಿಷದಲ್ಲಿ ಆಯಿತು. ಪ್ರದರ್ಶನಕ್ಕೆ ಆರು ವಾರ ಇತ್ತು.

ಸೆಟ್ಟಿನಲ್ಲಿ ಚಿತ್ರ ಬರದಿದ್ದರೆ ಜನರಿಗೆ ತೋರಿಸುವುದೇನು? ಅದಕ್ಕೇ ಫೋಟೊ ಬೇಕಾಯಿತು.

ಪೆಟ್ಟಿಗೆಯಲ್ಲಿದ್ದ ಹನ್ನೊಂದು ಫೋಟೊ

ಸಂಘದ ಕಪಾಟಿನಲ್ಲಿ ಯಾವುದೋ ಹರಾಜಿನಲ್ಲಿ ಕೊಂಡ ಒಂದು ಪೆಟ್ಟಿಗೆ ಇತ್ತು. ಅದರಲ್ಲಿ ಹನ್ನೊಂದು ಕಪ್ಪು ಬಿಳುಪು ಫೋಟೊ, ಎಲ್ಲ ಎಂಟಿಂಚು ಹತ್ತಿಂಚಿನವು, ಎಲ್ಲ ಟಿವಿ ಕಾರ್ಖಾನೆಯವು. ಪತ್ರಿಕೆಗಳಿಗೆ ಹಂಚಲು ಕಂಪನಿಗಳು ತೆಗೆಸುತ್ತಿದ್ದವಲ್ಲ, ಆ ಪ್ರಚಾರದ ಫೋಟೊಗಳು. ಬಣ್ಣದ ಟಿವಿಯ ಪ್ರಚಾರ ಕಪ್ಪು ಬಿಳುಪಿನಲ್ಲಿ! ನಗಬೇಡಿ, ಆಗ ದಿನಪತ್ರಿಕೆ ಅಚ್ಚಾಗುತ್ತಿದ್ದದ್ದೇ ಹಾಗೆ.

ಹತ್ತು ಫೋಟೊ ಸಾಧಾರಣ. ಹನ್ನೊಂದನೆಯದನ್ನು ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಎದುರಿಗೆ ಒಬ್ಬ ಹೆಂಗಸು, ತಲೆಗೂದಲಿಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ಒಂದು ಕ್ಯಾಬಿನೆಟ್ಟಿನ ಹಿಂಬದಿಯಿಂದ ದೊಡ್ಡ ಪಿಕ್ಚರ್ ಟ್ಯೂಬನ್ನು ಒಳಗೆ ಕೂರಿಸುತ್ತಿದ್ದಾಳೆ. ಟ್ಯೂಬಿನ ಮುಂಭಾಗ ಆಗಲೇ ಒಳಗೆ ಹೋಗಿದೆ, ಆಲಿಕೆಯ ಹಾಗಿರುವ ಹಿಂಭಾಗ ಮತ್ತು ಕತ್ತು ಕಾಣುತ್ತದೆ. ಬಲಗೈ ಬೆರಳುಗಳು ಕತ್ತಿನ ಸುತ್ತ ಇವೆ, ಮಗುವಿನ ಕತ್ತಿಗೆ ಆನಿಕೆ ಕೊಟ್ಟ ಹಾಗೆ. ಹಿಂದೆ ಮಸುಕಾಗಿ ಸೆಟ್ಟುಗಳ ಸಾಲು, ಎಲ್ಲವೂ ನಮ್ಮ ಕಡೆ ಮುಖ ಮಾಡಿವೆ, ಎಲ್ಲದರಲ್ಲೂ ಒಂದೇ ಹೂಗುಚ್ಛದ ಚಿತ್ರ.

ಫೋಟೊ ಇಟ್ಟಿದ್ದ ಪ್ಲಾಸ್ಟಿಕ್ ಚೀಲದ ಮೇಲೆ ಮಾರಿದವರು ಬರೆದಿದ್ದರು: ಮೊದಲ ಕಲರ್ ಟಿವಿ ಲೈನ್, ಮಾರ್ಚ್ 1954. ಫೋಟೊದ ಬೆನ್ನಿಗೆ ಅಂಟಿಸಿರುತ್ತಿದ್ದ ಟೈಪ್ ಮಾಡಿದ ವಿವರದ ಚೀಟಿ ಕಿತ್ತು ಹೋಗಿತ್ತು, ಗೋಂದಿನ ಕಲೆ ಮಾತ್ರ ಉಳಿದಿತ್ತು. ಒಂದು ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ ‘ಮೊದಲ ಕಲರ್, 54’. ಇನ್ನೊಂದು ಮೂಲೆಯಲ್ಲಿ ಒಂದು ಫೋಟೊ ಏಜೆನ್ಸಿಯ ರಬ್ಬರ್ ಮೊಹರು. ನಾನು ನೋಡಿದ್ದು ಪೆನ್ಸಿಲ್ ಬರಹವನ್ನು. ನೋಡಬೇಕಾಗಿದ್ದದ್ದು ಮೊಹರನ್ನು.

ಅದೇ ವಾರ ಎಪ್ಪತ್ತರ ಆಸುಪಾಸಿನ ಒಬ್ಬ ಮಹಿಳೆ ಸಂಘಕ್ಕೆ ಬಂದವರು ಮೇಜಿನ ಮೇಲಿದ್ದ ಫೋಟೊ ನೋಡಿ ನಿಂತುಬಿಟ್ಟರು. ‘ಇದು ನಮ್ಮಮ್ಮ’ ಅಂದರು. ಅಮ್ಮ ಕಾರ್ಖಾನೆಯಲ್ಲಿ ಇದ್ದದ್ದು ನಿಜ, ಸಾಯುವವರೆಗೂ ‘ಮೊದಲ ಕಲರ್ ಟಿವಿ ಮಾಡಿದ್ದು ನಾನು’ ಅಂತ ಹೇಳುತ್ತಿದ್ದದ್ದೂ ನಿಜ. ಇಷ್ಟಾದ ಮೇಲೆ ಇನ್ನೇನು ಬೇಕು? ಸೆಟ್ ಇದೆ, ಅದನ್ನು ಮಾಡಿದ ಕೈಯ ಫೋಟೊ ಇದೆ, ಮಗಳು ಎದುರಿಗಿದ್ದಾರೆ. ನಾನು ಅಂದೇ ರಾತ್ರಿ ಸಾಧಾರಣ ಸ್ಕ್ಯಾನ್ ಮಾಡಿ ‘1954ರ ಮಾರ್ಚ್, ಮೊದಲ ಕಲರ್ ಟಿವಿ ಲೈನ್’ ಅಂತ ಹಾಕಿ ಪೋಸ್ಟ್‌ಕಾರ್ಡಿಗೆ ಕಳಿಸಿದೆ. ಯಾರೂ ನನ್ನನ್ನು ತಡೆಯಲಿಲ್ಲ. ಎಲ್ಲರಿಗೂ ಅದು ನಿಜವಾಗಿರಲಿ ಅಂತಲೇ ಆಸೆ ಇತ್ತು.

ಅನುಮಾನ ಹುಟ್ಟಿದ್ದು

ಬಾಗಿಲಲ್ಲಿ ನೇತುಹಾಕುವ ಬ್ಯಾನರಿಗೆ ಆರಡಿ ಎತ್ತರದ ಚಿತ್ರ ಬೇಕಿತ್ತು. ಅದಕ್ಕೆ ದೊಡ್ಡ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಹಿಂದಿನ ಸಾಲಿನ ಸೆಟ್ಟುಗಳಲ್ಲಿದ್ದ ಹೂಗುಚ್ಛದ ಅಂಚು ವಿಚಿತ್ರವಾಗಿ ಕಂಡಿತು. ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದ ಹಾಗೆ. ಅಂಟಿಸಿದ್ದೇ. ಸುತ್ತಲಿನದೆಲ್ಲ ಮಸುಕು, ಹೂವು ಮಾತ್ರ ಚೂಪು.

ಮೊದಲ ಸಲ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಇದು ಆ ಕಾಲದಲ್ಲಿ ಕಂಪನಿಗಳು ಸಾಮಾನ್ಯವಾಗಿ ಮಾಡುತ್ತಿದ್ದ ಕೆಲಸ, ಮತ್ತು ಅದಕ್ಕೆ ಕಾರಣವೂ ಇದೆ. ಕಾರ್ಖಾನೆಯೊಳಗೆ ಫೋಟೊ ತೆಗೆಯಲು ದೊಡ್ಡ ಫ್ಲಾಶ್ ಬೇಕು. ಟಿವಿಯ ಮೇಲೆ ಫ್ಲಾಶ್ ಬಿದ್ದರೆ ಚಿತ್ರ ತೊಳೆದುಹೋಗಿ ಬರೀ ಬೂದು ಗಾಜು ಉಳಿಯುತ್ತದೆ. ಫ್ಲಾಶ್ ಇಲ್ಲದೆ ತೆಗೆಯೋಣ ಅಂದರೆ ಟಿವಿಯ ಒಂದು ಪೂರ್ತಿ ಚಿತ್ರ ಮೂಡಲು ಸೆಕೆಂಡಿನ ಮೂವತ್ತನೇ ಒಂದು ಭಾಗ ಬೇಕು, ಅಷ್ಟು ಹೊತ್ತು ಶಟರ್ ತೆರೆದಿಟ್ಟರೆ ಕೆಲಸಗಾರರ ಕೈ ಅಲುಗುತ್ತದೆ. ಹಾಗಾಗಿ ಸೆಟ್ಟಿನಲ್ಲಿ ಏನೂ ಹಾಕದೆ ಫೋಟೊ ತೆಗೆದು, ಆಮೇಲೆ ಬೇರೆ ಚಿತ್ರ ಕತ್ತರಿಸಿ ಅಂಟಿಸಿ, ಮತ್ತೆ ಅದರ ಫೋಟೊ ತೆಗೆಯುತ್ತಿದ್ದರು. ಮೋಸ ಅಂತ ಯಾರೂ ಅಂದುಕೊಳ್ಳುತ್ತಿರಲಿಲ್ಲ. ಅಂಟಿಸಿದ ಚಿತ್ರದಿಂದ ಫೋಟೊದ ಕಾಲದ ಬಗ್ಗೆ ಏನೂ ಗೊತ್ತಾಗುವುದಿಲ್ಲ.

ಆದರೂ ಅದು ಒಂದು ಒಳ್ಳೆಯ ಕೆಲಸ ಮಾಡಿತು. ಅಲ್ಲಿಯವರೆಗೆ ನಾನು ಆ ಫೋಟೊವನ್ನು ಕಿಟಕಿಯ ಹಾಗೆ ನೋಡಿದ್ದೆ, ಅದರೊಳಗೆ 1954 ಕಾಣುತ್ತಿದೆ ಅಂತ. ಈಗ ಅದು ಯಾರೋ ಕೂತು ಜೋಡಿಸಿದ ವಸ್ತು ಅಂತ ಕಂಡಿತು. ಇನ್ನೂ ನೋಡಿದೆ. ಲೈನಿನಲ್ಲಿ ಕೆಲಸ ನಡೆಯುವುದು ಸೆಟ್ಟಿನ ಬೆನ್ನಿನ ಕಡೆ. ಹಾಗಿದ್ದಾಗ ಸಾಲಿಗೆ ಸಾಲೇ ಕ್ಯಾಮೆರಾಗೆ ಮುಖ ಮಾಡಿ ನಿಂತಿದೆ ಅಂದರೆ ಯಾರೋ ತಿರುಗಿಸಿ ನಿಲ್ಲಿಸಿದ್ದಾರೆ. ನೆಲದಲ್ಲಿ ಒಂದು ತಂತಿಯ ಚೂರಿಲ್ಲ. ಆ ಹೆಂಗಸಿನ ಉಗುರಿಗೆ ಬಣ್ಣ ಇದೆ. ಮದುವೆ ಫೋಟೊ ತೆಗೆಸುವಾಗ ನಮ್ಮ ಕಡೆ ‘ತಾಳಿ ಕಟ್ಟೋದು ಇನ್ನೊಂದ್ ಸಲ ಮಾಡಿ’ ಅನ್ನುತ್ತಾರಲ್ಲ, ಹಾಗೆ.

ನಾವು ಮಾಡಿದ ಪರೀಕ್ಷೆಗಳು, ಸುತ್ತಿದ ದಾರಿಗಳು

ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಫೋಟೊವನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಐದಾರು ಕಡೆ ಸಿಕ್ಕಿತು, ಎಲ್ಲ ಕಡೆ ‘1954’. ಐದು ಸಾಕ್ಷಿ ಸಿಕ್ಕವು ಅಂತ ಖುಷಿಪಟ್ಟೆ. ಆಮೇಲೆ ಸಾಲುಸಾಲಾಗಿ ಓದಿದರೆ ಎಲ್ಲದರಲ್ಲೂ ಒಂದೇ ಕಾಗುಣಿತದ ತಪ್ಪು. ಒಬ್ಬರು ಬರೆದದ್ದನ್ನು ಉಳಿದವರು ಎತ್ತಿ ಹಾಕಿದ್ದಾರೆ. ಐದು ಸಾಕ್ಷಿ ಅಲ್ಲ, ಒಂದೇ ಸಾಕ್ಷಿ, ಅದೂ ಹೆಸರಿಲ್ಲದ್ದು.

ಎರಡನೆಯದು ನೇರಳಾತೀತ ಟಾರ್ಚು. ಫೋಟೊ ಕಾಗದವನ್ನು ಬೆಳ್ಳಗೆ ಕಾಣಿಸಲು ಕಂಪನಿಗಳು ಒಂದು ರಾಸಾಯನಿಕ ಸೇರಿಸಲು ಶುರು ಮಾಡಿದವು, ನಾವು ಬಟ್ಟೆಗೆ ನೀಲಿ ಹಾಕುವ ಹಾಗೆ ಅಂದುಕೊಳ್ಳಿ. ಅದು ಇದ್ದರೆ ಕತ್ತಲಲ್ಲಿ ಈ ಟಾರ್ಚು ಬಿಟ್ಟಾಗ ಕಾಗದ ನೀಲಿಬಿಳಿಯಾಗಿ ಹೊಳೆಯುತ್ತದೆ. 1950ರ ದಶಕದ ಮಧ್ಯಭಾಗಕ್ಕೆ ಮೊದಲಿನ ಕಾಗದದಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಫೋಟೊ ಹೊಳೆಯಿತು, ಟ್ಯೂಬ್‌ಲೈಟಿನ ಹಾಗೆ.

ಇಲ್ಲಿ ಸಂಘ ಎರಡು ಹೋಳಾಯಿತು. ಒಂದು ಗುಂಪು ‘ನಕಲಿ, ಕಪಾಟಿಗೆ ಹಾಕಿ’ ಅಂದಿತು. ಇನ್ನೊಂದು ಗುಂಪು ‘ಟಾರ್ಚು ಬಿಟ್ಟು ಇತಿಹಾಸ ಹೇಳೋಕೆ ಆಗುತ್ತಾ’ ಅಂತ ಸಿಟ್ಟಾಯಿತು. ನಾನು ಮೊದಲ ಗುಂಪಿನಲ್ಲಿದ್ದೆ, ನಾಚಿಕೆಯಿಂದ ಹೇಳಬೇಕು. ಪೋಸ್ಟ್‌ಕಾರ್ಡಿನ ತಪ್ಪು ನನ್ನದಲ್ಲ, ಮಾರಿದವರದ್ದು ಅಂತ ಆಗಿಬಿಟ್ಟರೆ ನನಗೆ ಹಗುರ ಅಲ್ವಾ.

ನಮ್ಮನ್ನು ನಿಲ್ಲಿಸಿದ್ದು ಸಂಘದ ಒಬ್ಬ ಅಜ್ಜಿ. ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೋಟೊ ತಿರುಗಿಸಿ ಮೊಹರಿನ ಮೇಲೆ ಬೆರಳಿಟ್ಟರು. ಏಜೆನ್ಸಿಯ ವಿಳಾಸದ ಕೊನೆಯಲ್ಲಿ ಐದು ಅಂಕಿ. ಜಿಪ್ ಕೋಡ್, ನಮ್ಮ ಪಿನ್‌ಕೋಡಿನ ಹಾಗೆ. ಅದು ಈ ದೇಶಕ್ಕೆ ಬಂದದ್ದೇ 1963ರ ಜುಲೈ 1ಕ್ಕೆ. ಅಂದರೆ ಮೊಹರು ಹಾಕಿದ್ದು ಅದಾದ ಮೇಲೆ. ಅಷ್ಟು ಹೇಳಿ ಅವರು ಕೇಳಿದ್ದು: ನೆಗೆಟಿವ್ ಎಲ್ಲಿದೆ?

ಅಲ್ಲಿಗೆ ಗಂಟು ಬಿಚ್ಚಿಕೊಂಡಿತು. ನಾವು ಒಂದು ಫೋಟೊ ಅಂತ ಅಂದುಕೊಂಡಿದ್ದದ್ದಕ್ಕೆ ಮೂರು ಹುಟ್ಟುಹಬ್ಬ ಇರಬಹುದು. ಕ್ಯಾಮೆರಾ ಕ್ಲಿಕ್ಕಿಸಿದ ದಿನ ಒಂದು, ಈ ಕಾಗದದ ಮೇಲೆ ಪ್ರಿಂಟ್ ಹಾಕಿದ ದಿನ ಇನ್ನೊಂದು, ಯಾರೋ ಪೆನ್ಸಿಲ್ಲಿನಲ್ಲಿ ‘54’ ಅಂತ ಬರೆದ ದಿನ ಮತ್ತೊಂದು. ಪತ್ರಿಕೆಯವರು ಹತ್ತನೇ ವರ್ಷಕ್ಕೋ ಇಪ್ಪತ್ತನೇ ವರ್ಷಕ್ಕೋ ಲೇಖನ ಮಾಡುವಾಗ ಹಳೆಯ ನೆಗೆಟಿವ್‌ನಿಂದ ಹೊಸ ಪ್ರಿಂಟ್ ತರಿಸಿಕೊಳ್ಳುತ್ತಿದ್ದರು. ಟಾರ್ಚಿನ ಬೆಳಕು, ಜಿಪ್ ಕೋಡು, ಎರಡೂ ಹೇಳುವುದು ಪ್ರಿಂಟಿನ ವಯಸ್ಸು. ಹೆಂಗಸು ಟ್ಯೂಬು ಕೂರಿಸುತ್ತಿದ್ದ ದಿನದ ಬಗ್ಗೆ ಅವಕ್ಕೆ ಬಾಯಿಲ್ಲ. ಎರಡು ವಾರ ನಾವು ಕಾಗದವನ್ನು ವಿಚಾರಣೆ ಮಾಡಿ, ಚಿತ್ರದೊಳಗೆ ಏನಿದೆ ಅಂತ ಕೇಳಿಯೇ ಇರಲಿಲ್ಲ.

ಆಗ ಅಳತೆ ಶುರುವಾಯಿತು. ಹಿಂದಿನ ಸಾಲಿನ ಸೆಟ್ಟುಗಳ ಪರದೆ ಹದಿನೈದು ಇಂಚಿನ ಟ್ಯೂಬಿನದೋ ಇಪ್ಪತ್ತೊಂದು ಇಂಚಿನದೋ ಅಂತ ಆ ಹೆಂಗಸಿನ ಅಂಗೈಯನ್ನು ಅಳತೆಗೋಲು ಮಾಡಿಕೊಂಡು ಲೆಕ್ಕ ಹಾಕಿದೆವು. ಆಕೆ ಹತ್ತಿರ, ಸೆಟ್ಟು ದೂರ, ಲೆನ್ಸ್ ಯಾವುದೋ ಗೊತ್ತಿಲ್ಲ. ಒಬ್ಬರಿಗೆ ಹದಿನಾಲ್ಕು ಬಂತು, ಇನ್ನೊಬ್ಬರಿಗೆ ಇಪ್ಪತ್ಮೂರು ಬಂತು. ಬಿಟ್ಟುಬಿಟ್ಟೆವು. ಇಂಥ ಲೆಕ್ಕದಲ್ಲಿ ನಮಗೆ ಬೇಕಾದ ಉತ್ತರ ಬರುವವರೆಗೂ ಅಂಗೈ ಹಿಗ್ಗುತ್ತದೆ, ಕುಗ್ಗುತ್ತದೆ.

ರಾಯರು

ಯುಗಾದಿ ಊಟಕ್ಕೆ ಕನ್ನಡದವರೆಲ್ಲ ಸೇರಿದ್ದಾಗ ಮಗನ ಮನೆಗೆ ಆರು ತಿಂಗಳಿಗೆ ಬಂದಿದ್ದ ಒಬ್ಬ ಹಿರಿಯರ ಪಕ್ಕ ಕೂತಿದ್ದೆ. ರಾಯರು ಅನ್ನೋಣ. ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕಪ್ಪು ಬಿಳುಪು ಪಿಕ್ಚರ್ ಟ್ಯೂಬ್ ಮಾಡುವ ವಿಭಾಗದಲ್ಲಿ ವರ್ಷಗಟ್ಟಲೆ ಇದ್ದವರು. ನಮ್ಮ ದೇಶದಲ್ಲಿ ಬಣ್ಣದ ಪ್ರಸಾರ ಬಂದದ್ದು 1982ರಲ್ಲಿ, ದೆಹಲಿಯ ಏಷ್ಯನ್ ಗೇಮ್ಸ್ ವರ್ಷ. ಅಲ್ಲಿಯವರೆಗೆ ನಮಗೆ ಟಿವಿ ಅಂದರೆ ಇವರ ಕೈಯಲ್ಲಿ ಹಾದುಹೋದ ಕಪ್ಪು ಬಿಳುಪು ಟ್ಯೂಬೇ. ಹೋಳಿಗೆ ತಿನ್ನುತ್ತಾ ನನ್ನ ಗೋಳು ಹೇಳಿಕೊಂಡೆ. ಫೋನಿನಲ್ಲಿ ಫೋಟೊ ತೋರಿಸಿದೆ. ಅವರು ಕೈ ತೊಳೆದುಕೊಂಡು ಬಂದು ಕನ್ನಡಕ ಹಾಕಿಕೊಂಡರು.

‘ಇದನ್ನ ಗಾಜು ಅಂತ ಯಾರ್ರೀ ಹೇಳಿದ್ದು ನಿಮಗೆ?’

‘ಗಾಜಲ್ವಾ ಸಾರ್?’

‘ಗಾಜಿನ ಆಲಿಕೆ ಮೇಲೆ ಕರೀ ಗ್ರಾಫೈಟ್ ಬಳಿದಿರ್ತಾರೆ, ಬೆಳಕು ಅಲ್ಲಿ ಸತ್ತುಹೋಗತ್ತೆ. ಇಲ್ಲಿ ನೋಡಿ, ಫ್ಲಾಶು ಹೆಂಗೆ ಜಾರಿದೆ. ಸ್ಟೀಲ್ ಕೊಳಗದ ಮೇಲೆ ಜಾರಿದಂಗಿದೆ. ಇದು ಲೋಹ. ಅಂಚು ನೋಡಿ, ಪಾತ್ರೆ ಕಂಠ ಮಡಿಸಿದಂಗೆ ಮಡಿಸಿದಾರೆ. ಕತ್ತು ಮಾತ್ರ ಗಾಜು, ಇಲ್ಲಿ ಬೆಸುಗೆ ಗೆರೆ ಕಾಣತ್ತೆ.’

ನಾನು ಆ ಫೋಟೊವನ್ನು ಅಷ್ಟು ಹೊತ್ತಿಗೆ ನೂರು ಸಲ ನೋಡಿರಬೇಕು.

ಮುಂದಿನ ಶನಿವಾರ ರಾಯರನ್ನು ಸಂಘಕ್ಕೆ ಕರೆದುಕೊಂಡು ಹೋದೆ. ನಮ್ಮ ಸಿಟಿ-100ರ ಬೆನ್ನಿನ ಹಲಗೆ ತೆಗೆದು ಟಾರ್ಚು ಬಿಟ್ಟು ನೋಡಿದೆವು. ಎಷ್ಟು ದಶಕದಿಂದ ಕರೆಂಟಿಲ್ಲದ ಸೆಟ್ಟಾದರೂ ರಾಯರು ಒಂದು ಕೈ ಜೇಬಿನಲ್ಲಿಟ್ಟುಕೊಂಡೇ ಬಗ್ಗಿದರು, ಹೈವೋಲ್ಟೇಜ್ ಜಾಗದಲ್ಲಿ ಕೆಲಸ ಮಾಡಿದವರ ಅಭ್ಯಾಸ ಅದು. ಒಳಗಿದ್ದ 15ಜಿಪಿ22ರ ಆಲಿಕೆ ಗಾಜಿನದು. ಮುಂಭಾಗದ ಹತ್ತಿರ ಮಾತ್ರ ಅದರ ಸುತ್ತ ಲೋಹದ ಒಂದು ಬಳೆ, ಗಾಳಿ ನುಗ್ಗುವ ಆ ಜಾಗ. ಫೋಟೊದಲ್ಲಿರುವುದು ಇದಲ್ಲವೇ ಅಲ್ಲ. ಆರ್‌ಸಿಎಯ 21 ಇಂಚಿನ ಮೊದಲ ಬಣ್ಣದ ಟ್ಯೂಬು 21ಎಎಕ್ಸ್‌ಪಿ22ಕ್ಕೆ ಲೋಹದ ಮೈ ಇತ್ತು. ಆ ಲೋಹಕ್ಕೇ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲೆ ವಿದ್ಯುತ್ ಇರುತ್ತಿದ್ದರಿಂದ ಸೆಟ್ಟಿನೊಳಗೆ ಅದಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ ಹಾಕುತ್ತಿದ್ದರು. ಫೋಟೊದಲ್ಲಿ ಹೊದಿಕೆ ಇನ್ನೂ ಬಿದ್ದಿಲ್ಲ, ಅದಕ್ಕೇ ಹೊಳೆಯುತ್ತಿದೆ.

ಮುಗಿಯಿತು ಅಂತ ನಾನು ಚೀಟಿ ಬರೆಯಲು ಕೂತೆ. ರಾಯರು ಬಿಡಲಿಲ್ಲ. ‘ಅವಸರ ಮಾಡಬೇಡಿ. ಲೋಹದ ಮೈ ಬ್ಲ್ಯಾಕ್ ಅಂಡ್ ವೈಟ್‌ನಲ್ಲೂ ಇತ್ತು’ ಅಂದರು. ಹೌದು, 1949ರಲ್ಲೇ 16 ಇಂಚಿನ ಲೋಹದ ಮೈಯ ಕಪ್ಪು ಬಿಳುಪು ಟ್ಯೂಬು ಮಾರುಕಟ್ಟೆಯಲ್ಲಿತ್ತು. ಹಾಗಾದರೆ ಇದು ಬಣ್ಣದ ಟಿವಿಯೇ ಅಲ್ಲದಿರಬಹುದು! ನನಗೆ ನಿಜಕ್ಕೂ ಸುಸ್ತಾಯಿತು.

ಉತ್ತರ ಸಿಕ್ಕಿದ್ದು ಆ ಹೆಂಗಸಿನ ಬಲಗೈಯಲ್ಲಿ. ಬಣ್ಣದ ಟ್ಯೂಬಿನ ಕತ್ತಿನೊಳಗೆ ಪರದೆಯ ಕಡೆಗೆ ಎಲೆಕ್ಟ್ರಾನ್ ಹಾರಿಸುವ ಗನ್ ಮೂರು, ಕೆಂಪು ಹಸಿರು ನೀಲಿಗೆ ಒಂದೊಂದು. ಕಪ್ಪು ಬಿಳುಪಿನದಕ್ಕೆ ಒಂದೇ. ಅದಕ್ಕೇ ಆಗಿನ ಬಣ್ಣದ ಟ್ಯೂಬಿನ ಕತ್ತು ದಪ್ಪ, ಸುಮಾರು ಎರಡು ಇಂಚು ಅಡ್ಡಳತೆ. ಕಪ್ಪು ಬಿಳುಪಿನದು ಒಂದೂವರೆ ಇಂಚಿಗೂ ಚೂರು ಕಮ್ಮಿ. ರಾಯರು ಸಂಘದ ಹಳೆಯ ಕ್ಯಾಲೆಂಡರ್ ಹಾಳೆ ಸುತ್ತಿ ಎರಡು ಕೊಳವೆ ಮಾಡಿದರು, ಒಂದು ಎರಡಿಂಚಿನದು, ಒಂದು ಒಂದೂವರೆ ಇಂಚಿನದು. ಅಲ್ಲಿದ್ದ ಹೆಂಗಸರಿಗೆಲ್ಲ ಒಬ್ಬೊಬ್ಬರಾಗಿ ಹಿಡಿಯಲು ಹೇಳಿದರು. ಸಣ್ಣ ಕೊಳವೆ ಹಿಡಿದರೆ ಹೆಬ್ಬೆರಳೂ ನಡುಬೆರಳೂ ಒಂದರ ಮೇಲೊಂದು ಬರುತ್ತಿದ್ದವು. ದೊಡ್ಡದು ಹಿಡಿದರೆ ಯಾರಿಗೂ ಬೆರಳು ಚೆನ್ನಾಗಿ ಕೂಡುತ್ತಿರಲಿಲ್ಲ. ಫೋಟೊದಲ್ಲಿ ಆಕೆಯ ಹೆಬ್ಬೆರಳಿಗೂ ನಡುಬೆರಳಿಗೂ ನಡುವೆ ಒಂದು ಬೆರಳಗಲ ಜಾಗ ಇದೆ, ಬಿಗಿಯಾಗಿ ಹಿಡಿದಿದ್ದರೂ. ಇಲ್ಲೂ ಅಳೆದದ್ದು ಕೈಯಿಂದಲೇ, ಆದರೆ ಈ ಸಲ ಕೈಯೂ ಕತ್ತೂ ಒಂದೇ ಜಾಗದಲ್ಲಿದ್ದವು. ದೂರ, ಲೆನ್ಸ್ ಯಾವ ತಕರಾರೂ ಇರಲಿಲ್ಲ.

ಬಣ್ಣದ ಟ್ಯೂಬು, ಲೋಹದ ಮೈ. ಹಾಗಾಗಿ ಇಪ್ಪತ್ತೊಂದು ಇಂಚು. ಹಾಗಾಗಿ 1954ರ ಕೊನೆಗೆ ಮೊದಲು ಸಾಧ್ಯವಿಲ್ಲ. ಮಾರ್ಚ್ ಅಂತೂ ಖಂಡಿತ ಅಲ್ಲ. ಇನ್ನೊಂದು ಕೊನೆಗೆ ನೋಡಿದರೆ, ಕೆಲವೇ ವರ್ಷಗಳಲ್ಲಿ ಪೂರ್ತಿ ಗಾಜಿನ 21 ಇಂಚಿನ ಬಣ್ಣದ ಟ್ಯೂಬು ಬಂದು ಲೋಹದ್ದು ಹಿಂದೆ ಸರಿಯಿತು. ಹಾಗಾಗಿ ಫೋಟೊ 1950ರ ದಶಕದ ಎರಡನೇ ಅರ್ಧದ್ದು. ಇಷ್ಟನ್ನು ಧೈರ್ಯವಾಗಿ ಹೇಳಬಹುದಿತ್ತು.

ಮಗಳಿಗೆ ಹೇಳುವುದು ಹೇಗೆ

ನನಗೆ ಈ ಪ್ರಕರಣದಲ್ಲಿ ಅತಿ ಕಷ್ಟವಾದದ್ದು ಇದು. ಒಬ್ಬರು ತೀರಿಕೊಂಡ ತಾಯಿಯ ಮಾತನ್ನು ಅರವತ್ತು ವರ್ಷ ಕಾಪಾಡಿಕೊಂಡು ಬಂದಿದ್ದಾರೆ. ನಾವು ಕ್ಯಾಲೆಂಡರ್ ಕೊಳವೆ ಹಿಡಿದುಕೊಂಡು ಹೋಗಿ ‘ನಿಮ್ಮಮ್ಮ ಮಾಡಿದ್ದು ಮೊದಲನೆಯದಲ್ಲ’ ಅನ್ನುವುದಾ? ಅಧ್ಯಕ್ಷರು ‘ಸುಮ್ನೆ ಇಸವಿ ತೆಗೆದುಬಿಡಿ, ಬರೀ ಕಾರ್ಖಾನೆ ಅಂತ ಹಾಕಿ, ಯಾರಿಗೂ ನೋವಾಗಲ್ಲ’ ಅಂದರು. ಬಹಳ ಜನ ಒಪ್ಪಿದರು. ಅಂಚೆ ಕಚೇರಿಯ ಅಜ್ಜಿ ಒಪ್ಪಲಿಲ್ಲ. ಇಸವಿ ಮುಚ್ಚಿಟ್ಟರೆ ಆ ಫೋಟೊ ಸಿಟಿ-100ರ ಪಕ್ಕದಲ್ಲೇ ಇರುತ್ತದೆ, ನೋಡಿದವರು ಅದನ್ನೇ ಇದು ಅಂದುಕೊಳ್ಳುತ್ತಾರೆ, ನಾವು ಬಾಯಿ ಬಿಡದೆ ಸುಳ್ಳು ಹೇಳಿದ ಹಾಗಾಗುತ್ತದೆ ಅಂದರು. ಕೊನೆಗೆ ನಾನೂ ಅವರೂ ಇಬ್ಬರೇ ಹೋಗಿ ಮಗಳನ್ನು ನೋಡಿದೆವು.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಗುತ್ತಾ ಒಂದು ಮಾತು ಹೇಳಿದರು, ನಾವು ಮೊದಲ ದಿನವೇ ಕೇಳಬೇಕಿದ್ದದ್ದು. ಅವರು ಹುಟ್ಟಿದ್ದು 1955ರಲ್ಲಿ. ಅಮ್ಮ ಕಾರ್ಖಾನೆಗೆ ಸೇರಿದ್ದು ಮಗು ನಡೆಯಲು ಶುರು ಮಾಡಿದ ಮೇಲೆ. ಪೋಸ್ಟ್‌ಕಾರ್ಡಿನಲ್ಲಿ 1954 ಅಂತ ನೋಡಿದಾಗಲೇ ಅವರಿಗೆ ಲೆಕ್ಕ ಕೂಡಿರಲಿಲ್ಲವಂತೆ. ‘ನೀವೆಲ್ಲ ಓದಿದವರು, ನಿಮಗೆ ಗೊತ್ತಿರುತ್ತೆ ಅಂದುಕೊಂಡೆ. ಹಾಗಾದರೆ ಇದು ಅಮ್ಮ ಅಲ್ಲವೇನೋ ಅಂತ ಒಂದು ತಿಂಗಳಿಂದ ಸಂಕಟಪಡುತ್ತಿದ್ದೆ’ ಅಂದರು.

ನೋಡಿ, ನಾವು ಕಸಿದುಕೊಳ್ಳುತ್ತೇವೆ ಅಂತ ಹೆದರಿದ್ದೆವು. ಕಸಿದುಕೊಂಡಿದ್ದು ನಮ್ಮ ತಪ್ಪು ಇಸವಿ. ಸರಿಯಾದ ಕಾಲ ಸಿಕ್ಕಿದ ಮೇಲೆ ತಾಯಿ ಆ ಫೋಟೊದಲ್ಲಿ ಇರಲು ಸಾಧ್ಯವಾಯಿತು. ‘ಮೊದಲ ಕಲರ್ ಟಿವಿ’ ಅಂತ ಅವರು ಹೇಳುತ್ತಿದ್ದದ್ದು ಬಹುಶಃ ತಾನು ಮಾಡಿದ ಮೊದಲ ಕಲರ್ ಟಿವಿ ಅಂತಿರಬೇಕು, ಅದು ಮನೆಯೊಳಗೆ ಓಡಾಡುತ್ತಾ ದೇಶದ ಮೊದಲನೆಯದಾಗಿ ಬೆಳೆದಿರಬೇಕು. ಇದು ನನ್ನ ಊಹೆ, ಚೀಟಿಯಲ್ಲಿ ಹಾಕಿಲ್ಲ.

ಆದದ್ದು

ಫೋಟೊವನ್ನು ಸಿಟಿ-100ರ ಪಕ್ಕದಿಂದ ತೆಗೆದು ಎದುರು ಗೋಡೆಗೆ ಹಾಕಿದೆವು. ಅದರ ಕೆಳಗಿನ ಚೀಟಿಯನ್ನು ಏಳು ಸಲ ತಿದ್ದಿ ಬರೆದೆ. ಕೊನೆಗೆ ಮೂರು ವಾಕ್ಯಕ್ಕೆ ನಿಂತಿತು. 21 ಇಂಚಿನ ಲೋಹದ ಮೈಯ ಬಣ್ಣದ ಟ್ಯೂಬನ್ನು ಕೂರಿಸುತ್ತಿರುವ ಕೆಲಸಗಾರ್ತಿ, 1950ರ ದಶಕದ ಎರಡನೇ ಅರ್ಧ. ಪ್ರಿಂಟ್ ಹಾಕಿದ್ದು ಆಮೇಲೆ, ಮೊಹರು 1963ರ ನಂತರದ್ದು, ಪರದೆಯ ಮೇಲಿನ ಹೂವು ಅಂಟಿಸಿದ್ದು. ಈಕೆ ತಮ್ಮ ತಾಯಿ ಎಂದು ಕುಟುಂಬದವರು ಹೇಳುತ್ತಾರೆ. ಕಾರ್ಖಾನೆಯ ಹೆಸರು ಹಾಕಲಿಲ್ಲ. ಬ್ಲೂಮಿಂಗ್ಟನ್ ಅನ್ನಲು ಫೋಟೊದಲ್ಲಿ ಏನೂ ಇಲ್ಲ, ಮಗಳ ಮಾತು ಬಿಟ್ಟರೆ. ನಾವೇ ನೋಡಿದ್ದು ಯಾವುದು, ಯಾರೋ ಹೇಳಿದ್ದು ಯಾವುದು ಅಂತ ಓದುವವರಿಗೆ ಗೊತ್ತಾಗಲಿ ಅಂತ ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಇಟ್ಟೆವು. ನನಗೆ ಈಗಲೂ ಅನ್ನಿಸುವುದು, ಅದನ್ನು ಮೊದಲ ದಿನವೇ ಮಾಡಿದ್ದರೆ ಉಳಿದ ರಾದ್ಧಾಂತ ಯಾವುದೂ ಆಗುತ್ತಿರಲಿಲ್ಲ. ‘54’ ಅನ್ನುವುದು ಪೆನ್ಸಿಲ್ಲಿನ ಮಾತು ಅಂತ ಬರೆದುಕೊಂಡಿದ್ದರೆ ಸಾಕಿತ್ತು, ಅದನ್ನು ಅಚ್ಚಿಗೆ ಕಳಿಸಲು ಕೈ ಬರುತ್ತಿರಲಿಲ್ಲ.

ಕ್ರಮವೂ ಈಗ ಬದಲಾಗಿದೆ. ಹಳೆಯ ಫೋಟೊ ಬಂದರೆ ಮೊದಲು ಬೆನ್ನು ನೋಡುತ್ತೇವೆ, ಆಮೇಲೆ ಚಿತ್ರದೊಳಗಿನ ವಸ್ತುಗಳನ್ನು ಪಟ್ಟಿ ಮಾಡುತ್ತೇವೆ, ಟಾರ್ಚು ಕೊನೆಗೆ. ಆ ವಸ್ತುವನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವರು ಯಾರಾದರೂ ಸಿಗುತ್ತಾರಾ ಅಂತ ಹುಡುಕುತ್ತೇವೆ. ಅವರು ಇಂಡಿಯಾನಾದವರೇ ಆಗಬೇಕಿಲ್ಲ ಅಂತ ಸಂಘಕ್ಕೆ ಈಗ ಗೊತ್ತಾಗಿದೆ. ರಾಯರು ಊರಿಗೆ ಹೋದ ಮೇಲೂ ತಿಂಗಳಿಗೊಂದು ಫೋಟೊ ಅವರ ವಾಟ್ಸಾಪಿಗೆ ಹೋಗುತ್ತದೆ. ‘ಏನ್ರೀ, ಇದೂ ಗಾಜಾ?’ ಅಂತ ಉತ್ತರ ಬರುತ್ತದೆ.

ಪೋಸ್ಟ್‌ಕಾರ್ಡುಗಳ ಕಟ್ಟು ನನ್ನ ಮೇಜಿನ ಕೆಳಗಿತ್ತು. ಪ್ರದರ್ಶನದ ದಿನ ಮಗಳು ಅದರಲ್ಲಿ ಹತ್ತು ಬೇಕು ಅಂತ ಕೇಳಿದರು. ತಪ್ಪಿದೆ, ಹೊಸದು ಮಾಡಿಸಿ ಕೊಡುತ್ತೇನೆ ಅಂದೆ. ಬೇಡ ಅಂದು ನನ್ನ ಪೆನ್ನು ತೆಗೆದುಕೊಂಡು, ಪ್ರತಿಯೊಂದರಲ್ಲೂ ‘1954’ಕ್ಕೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅಮ್ಮನ ಹೆಸರು ಬರೆದು ಚೀಲಕ್ಕೆ ಹಾಕಿಕೊಂಡರು.